ನಲವತ್ತೆಂಟೋ, ನಲವತ್ತಾರೋ?

ಮಾನವನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುವುವೆಂಬುದನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆದರೆ 1923ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಬಹುಮಟ್ಟಿಗೆ ಎಲ್ಲ ಪಠ್ಯಪುಸ್ತಕಗಳೂ ಈ ಸಂಖ್ಯೆಯನ್ನು 48 ಎಂದೇ ಸಾರುತ್ತಿದ್ದುವು. ತಪ್ಪೊಂದು ಇಷ್ಟು ದೀರ್ಘಕಾಲ ಬಾಳಿದುದೇಕೆ?

ಈ ಸಂಖ್ಯೆಯನ್ನು ಹೇಳಿದವರು ಟೆಕ್ಸಾಸಿನ ಥಿಯೋಫಿಲಸ್ ಪೇಂಟರ್. ಅವರು ಪರೀಕ್ಷಿಸಿದ ವೃಷಣದ ತೆಳುಸೀಳುಗಳಲ್ಲಿ ವರ್ಣತಂತುಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದುವು. 1921ರಲ್ಲಿ ಅವರೇ 46ಕ್ಕೂ 48ಕ್ಕೂ ನಡುವೆ ತೂಗಾಡಿದ್ದರು. ಮುಂದೆ ಅವರ ಸಂದೇಹವನ್ನು ಲೋಕ ಮರೆಯಿತು. ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡಿತು.

1952ರಲ್ಲಿ ಟಿ. ಸಿ. ಷೂ ಎಂಬ ವಿಜ್ಞಾನಿ ಹೊಸದೊಂದು ಉಪಾಯವನ್ನು ಪ್ರಕಟಿಸಿದರು. ಲವಣಾಂಶ ಕಡಮೆಯಿರುವ ದ್ರಾವಣದಲ್ಲಿಟ್ಟರೆ ಕೋಶಗಳು ನೀರು ಹೀರಿ ಉಬ್ಬುವುವು. ವರ್ಣತಂತುಗಳು ಬಿಡಿಬಿಡಿಯಾಗಿ ಹರಡುವುವು. ತೊಡಕು ಬಿಡಿಸಿತು, ಆದರೂ ಅವರು ಬರೆದುದು 48 ಎಂದೇ! ಸ್ವೀಡನ್ನಿನಲ್ಲಿ ಭ್ರೂಣದ ಯಕೃತ್ತಿನ ಕೋಶಗಳನ್ನು ಪರೀಕ್ಷಿಸುತ್ತಿದ್ದ ಬೇರೊಂದು ತಂಡಕ್ಕೆ ಮತ್ತೆ ಮತ್ತೆ 46 ಕಂಡುಬಂದಿತು. ಉಳಿದೆರಡು ದೊರೆಯಲಿಲ್ಲವೆಂದು ಅವರು ಕೆಲಸವನ್ನೇ ನಿಲ್ಲಿಸಿದರು.

1955ರ ಡಿಸೆಂಬರಿನಲ್ಲಿ ಅದೇ ದೇಶದ ಲುಂಡ್ ನಗರದಲ್ಲಿ, ಜಾವಾ ದ್ವೀಪದಲ್ಲಿ ಜನಿಸಿದ ಜೋ ಹಿನ್ ಚಿಯೋ, ಭ್ರೂಣದ ಶ್ವಾಸಕೋಶದಿಂದ ಬೆಳೆಸಿದ ಕೋಶಗಳಲ್ಲಿ 46 ವರ್ಣತಂತುಗಳನ್ನು ಎಣಿಸಿದರು. ಅವರೂ ಆಲ್ಬರ್ಟ್ ಲೆವಾನರೂ ಕಂಡುದನ್ನು ಕಂಡಂತೆ 1956ರಲ್ಲಿ ಪ್ರಕಟಿಸಿದರು. ಅಷ್ಟರಿಂದಲೇ ಮಾನವಕುಲಕ್ಕೆಲ್ಲ ಇದೇ ಸಂಖ್ಯೆಯೆಂದು ಸಾರಲು ಅವರು ಆತುರಪಡಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಫೋರ್ಡ್ ಮತ್ತು ಹ್ಯಾಮರ್ಟನ್ ವೃಷಣದ ಕೋಶಗಳನ್ನು ಪರೀಕ್ಷಿಸಿ ಈ ಎಣಿಕೆಯನ್ನು ಸಮರ್ಥಿಸಿದರು.

ಎರಡು ಹೆಚ್ಚಾದರೇನು, ಕಡಮೆಯಾದರೇನು ಎನ್ನುವಂತಿಲ್ಲ. 1959ರಲ್ಲಿ ಪ್ಯಾರಿಸಿನ ಸಂಶೋಧಕರು ಡೌನ್ ಲಕ್ಷಣಾವಳಿಯುಳ್ಳ ಮಕ್ಕಳ ಕೋಶಗಳಲ್ಲಿ 47 ವರ್ಣತಂತುಗಳನ್ನು ಕಂಡರು. ಸಹಜಸಂಖ್ಯೆ 46 ಎಂದು ತಿಳಿದಿದ್ದುದರಿಂದಲೇ ಒಂದು ಹೆಚ್ಚಾಗಿದೆಯೆಂಬುದು ಅರ್ಥವಾಯಿತು. 48 ಎಂದೇ ನಂಬಿದ್ದರೆ ಒಂದು ಕಡಮೆಯಾಗಿದೆಯೆಂದು ಎಣಿಸಿ ತೀರ ವಿರುದ್ಧವಾದ ಮಾರ್ಗವನ್ನು ಹಿಡಿಯಬೇಕಾಗುತ್ತಿತ್ತು.

ನಮ್ಮ ಪ್ರಯೋಗಶಾಲೆಗಳಲ್ಲಿಯೂ ಉತ್ತರವನ್ನು ಮೊದಲೇ ತಿಳಿದುಕೊಂಡು, ಅದಕ್ಕೆ ತಕ್ಕಂತೆ ಅಳತೆಗಳನ್ನು ತಿದ್ದಿ ಬರೆಯುವ ಅಭ್ಯಾಸವುಂಟು. ಅಂಕಗಳ ಆಸೆ ವಿದ್ಯಾರ್ಥಿಯನ್ನು ಇದಕ್ಕೆ ದೂಡುವುದು. ಸರಿಯುತ್ತರಕ್ಕೆ ಮಾತ್ರ ಅಂಕ ಕೊಡುವ ಉಪಾಧ್ಯಾಯರೂ ಇದರ ಹೊಣೆಯಲ್ಲಿ ಪಾಲುದಾರರು. ಪುಸ್ತಕವನ್ನು ಧಿಕ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅನೇಕ ವೇಳೆ ತಪ್ಪುವುದು ನಮ್ಮ ಕೈಯೇ. ಎಣಿಕೆ ಹೊಂದದಿದ್ದರೆ ಮತ್ತೊಮ್ಮೆ ಎಣಿಸೋಣ, ಬೇರೆಯವರಿಂದಲೂ ಎಣಿಸೋಣ. ಆದರೆ 46ನ್ನು ಕಂಡ ಕಣ್ಣು 48 ಎಂದು ಬರೆಯುವಂತೆ ಕೈಗೆ ಕಲಿಸುವುದು ವಿನಯವಲ್ಲ. ಅದು ವಿಜ್ಞಾನಕ್ಕೆ ಬಗೆಯುವ ದ್ರೋಹ.