ಜಿಲಾಟಿನ್ ಹುಡುಕುವ ಕಣ್ಣು ಸಕ್ಕರೆಯನ್ನೂ ನೋಡಲಿ

ಲಿನ್‌ವುಡ್‌ನ ಅಂಗಡಿಯಲ್ಲಿ ನಮ್ಮ ಮಕ್ಕಳು ಮಿಠಾಯಿ ಪ್ಯಾಕೆಟ್ ಎತ್ತಿದರೆ ಮೊದಲು ಕೇಳುವುದು, "ಉಮ್ಮಾ, ಇದರಲ್ಲಿ ಜಿಲಾಟಿನ್ ಉಂಟಾ?" ಐದು ವರ್ಷದ ಮಗುವಿಗೂ ಇದು ಗೊತ್ತು. ಪಾಠ ಮಾಡಿ ಕಲಿಸಿದ್ದಲ್ಲ, ನಾವು ಪ್ರತಿ ಸಲ ಪ್ಯಾಕೆಟ್ ತಿರುಗಿಸುವುದನ್ನು ನೋಡಿ ಕಲಿತದ್ದು. ಜಿಲಾಟಿನ್ ಇಲ್ಲ ಅಂತಾದರೆ ನಮ್ಮ ತಪಾಸಣೆ ಅಲ್ಲಿಗೇ ಮುಗಿಯಿತು. ಹಲಾಲ್ ಆದದ್ದೆಲ್ಲ ದಿನಾ ತಿನ್ನಬಹುದು ಅಂತ ಮಗು ತಿಳಿದುಕೊಂಡರೆ ತಪ್ಪು ಮಗುವಿನದ್ದಲ್ಲ.

ಅದೇ ಪ್ಯಾಕೆಟಿನಲ್ಲಿ 'ಆ್ಯಡೆಡ್ ಶುಗರ್ಸ್' ಎಂಬ ಸಾಲು ಉಂಟು. ಅಂದರೆ, ತಯಾರಿಸುವಾಗ ಸೇರಿಸಿದ ಸಕ್ಕರೆ. ದೊಡ್ಡ ಕಂಪೆನಿಗಳಿಗೆ 2020ರಿಂದ, ಸಣ್ಣವಕ್ಕೆ 2021ರಿಂದ ಇದನ್ನು ಮುದ್ರಿಸುವುದು ಕಡ್ಡಾಯ. 4 ಗ್ರಾಂ ಅಂದರೆ ಸುಮಾರು ಒಂದು ಚಹಾ ಚಮಚ. ಎರಡು ವರ್ಷ ತುಂಬಿದ ಮಕ್ಕಳಿಗೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಇರಲಿ, ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ ಅನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. 12 ಔನ್ಸಿನ ಒಂದು ಕೋಕಾಕೋಲಾ ಡಬ್ಬಿಯಲ್ಲೇ 39 ಗ್ರಾಂ!

ಓದಲು ಬಾರದ ಮಗುವಿಗೆ ಗ್ರಾಂ ಲೆಕ್ಕ ಅರ್ಥವಾಗುವುದಿಲ್ಲ. ಎರಡು ಲೋಟ ಇಡಿ. ಚಮಚವನ್ನು ಮಗುವಿನ ಕೈಗೇ ಕೊಟ್ಟು, ಕೋಲಾದಲ್ಲಿರುವಷ್ಟು ಸಕ್ಕರೆಯನ್ನು ಖಾಲಿ ಲೋಟಕ್ಕೆ ಎಣಿಸಿ ಹಾಕಲು ಹೇಳಿ. ಹತ್ತರ ಹತ್ತಿರ ಬರುವಾಗ ಅದು ತಾನೇ ನಿಮ್ಮ ಮುಖ ನೋಡುತ್ತದೆ. ಇನ್ನೊಂದು ಲೋಟದಲ್ಲಿ ಬರೀ ಹಾಲು, ಅದಕ್ಕೆ ಚಮಚವೇ ಬೇಡ. ಖರ್ಜೂರ, ಬಾಳೆಹಣ್ಣೂ ಸಿಹಿಯೇ, ಆದರೆ ಅದು ಯಾರೂ ಸುರಿದ ಸಕ್ಕರೆಯಲ್ಲ, ಜೊತೆಗೆ ನಾರೂ ಉಂಟು. ಹಣ್ಣಿನ ಚಿತ್ರ ಹಾಕಿದ 'ಜ್ಯೂಸ್ ಡ್ರಿಂಕ್', ಬಣ್ಣದ ಮೊಸರು ನಮಗೇ ಮೋಸ ಮಾಡುತ್ತವೆ, ಇನ್ನು ಮಕ್ಕಳ ಪಾಡೇನು?

ಪಕ್ಕದ ಸಿಯಾಟಲ್‌ನಲ್ಲಿ 2018ರ ಜನವರಿಯಿಂದ ಸಿಹಿ ಪಾನೀಯದ ಮೇಲೆ ಔನ್ಸಿಗೆ 1.75 ಸೆಂಟ್ ತೆರಿಗೆ ಇದೆ. ಬೇರೆ ಊರುಗಳು ಹೀಗೆ ಹೊಸದಾಗಿ ತೆರಿಗೆ ಹಾಕದಂತೆ ರಾಜ್ಯದ ಮತದಾರರು ಅದೇ ವರ್ಷ ತೀರ್ಮಾನಿಸಿಬಿಟ್ಟರು. ಹಾಗಾಗಿ ನಮ್ಮ ಲಿನ್‌ವುಡ್‌ನಲ್ಲಿ ಬೆಲೆ ಅಡ್ಡ ಬರುವುದಿಲ್ಲ, ಉಮ್ಮ ಬಾಪನೇ ಅಡ್ಡ ಬರಬೇಕು.

ಅದು ಸುಲಭ ಅಂತ ನಾವು ಹೇಳುವುದಿಲ್ಲ. ಗಲ್ಫಿನಿಂದ ಬರುತ್ತಿದ್ದ ಪೆಟ್ಟಿಗೆಯ ಚಾಕಲೇಟು, ಟ್ಯಾಂಗ್ ನಮಗೆ ಬಾಪನ ಪ್ರೀತಿಯೇ ಆಗಿತ್ತು. ಆದರೆ ಆ ಪೆಟ್ಟಿಗೆ ಬರುತ್ತಿದ್ದುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಇಲ್ಲಿ ರಾತ್ರಿ ಪಾಳಿ ಮುಗಿಸಿದವರು, ಮಗುವಿನ ಜೊತೆ ಕೂರಲು ಆಗಲಿಲ್ಲವಲ್ಲ ಎಂಬ ಸಂಕಟಕ್ಕೆ ದಿನಾ ಒಂದು ಪ್ಯಾಕೆಟ್ ತರುತ್ತಾರೆ. ನಾವೂ ತಂದವರೇ. ಪೆರ್ನಾಲ್‌ಗೆ ಸಿಹಿ ಇರಲಿ, ಮದುವೆಮನೆಯಲ್ಲೂ ಇರಲಿ. ಈ ವಾರದ ರಜೆಯಲ್ಲಿ ಮಗುವನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಜಿಲಾಟಿನ್ ನೋಡಿದ ಮೇಲೆ, "ಇದರಲ್ಲಿ ಎಷ್ಟು ಚಮಚ?" ಅಂತ ನೀವೇ ಮೊದಲು ಜೋರಾಗಿ ಕೇಳಿ.