ರಜೆಯ ಚೀಲದಲ್ಲಿ ಒಂದಿಷ್ಟು ಕರಾವಳಿ

ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳಿಗೆ ರಜೆ ಸಿಕ್ಕಿದೊಡನೆ ಬೆಂಗಳೂರಿನಿಂದ ಕರಾವಳಿಗೆ ಹೊರಡುವ ಬಸ್ಸು, ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊರಿಗೆ ಬಂದವರು ಉಡುಪಿಯ ಕೃಷ್ಣಮಠಕ್ಕೆ ಹೋಗುತ್ತಾರೆ, ಮಲ್ಪೆಯ ನೀರಿಗಿಳಿಯುತ್ತಾರೆ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬುಡದಲ್ಲಿ ಸೂರ್ಯಾಸ್ತದ ಚಿತ್ರ ತೆಗೆದುಕೊಳ್ಳುತ್ತಾರೆ, 1432ರಲ್ಲಿ ಸ್ಥಾಪಿತನಾದ ಕಾರ್ಕಳದ ಗೊಮ್ಮಟನ ಬೆಟ್ಟವನ್ನೊಮ್ಮೆ ಹತ್ತಿ ಇಳಿಯುತ್ತಾರೆ. ನಾಲ್ಕಾರು ದಿನಗಳಲ್ಲಿ ಇಷ್ಟೂ ಮುಗಿದುಹೋಗುತ್ತದೆ. ಉಳಿದ ದಿನಗಳಿಗೆ ಸೆಕೆ ಮತ್ತು ಮೊಬೈಲು.

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಏನನ್ನು ಓದಬೇಕು, ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು ಇದ್ದ ಜಾಗವನ್ನು ಮರೆತು ಬೇರೊಂದು ಲೋಕಕ್ಕೆ ಹಾರಿಹೋಗಲು ನೆರವಾಗುವಂಥವು. ಅದೂ ಬೇಕು, ನಿಜ. ಆದರೆ ನನ್ನ ಪಟ್ಟಿಯ ಉದ್ದೇಶ ಇದಕ್ಕೆ ವ್ಯತಿರಿಕ್ತವಾದುದು. ರಜೆ ಕಳೆಯಲು ಬಂದ ಊರಿನೊಳಕ್ಕೆ ಇನ್ನಷ್ಟು ಪ್ರವೇಶ ಪಡೆಯುವುದಕ್ಕೆ ನೆರವಾಗುವ ಕೃತಿಗಳನ್ನು ಮಾತ್ರ ಇಲ್ಲಿ ಆರಿಸಿದ್ದೇನೆ. ಒಂದು ನೆಲದ ಬರಹ, ಚಿತ್ರ, ಹಾಡುಗಳನ್ನು ಅರಿಯದೆ ಅದನ್ನು ನೋಡಿದರೆ ಅದು ಛಾಯಾಚಿತ್ರದ ಹಿನ್ನೆಲೆಯಾಗಿ ಮಾತ್ರ ಉಳಿಯುತ್ತದೆ.

ಈ ಮಾತು ಹೊರಗಿನಿಂದ ಬಂದವರಿಗಷ್ಟೇ ಅಲ್ಲ, ಇಲ್ಲಿಯೇ ಇರುವವರಿಗೂ ಅನ್ವಯಿಸುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿಯೂ 2025ರ ದ್ವಿತೀಯ ಪಿಯುಸಿಯಲ್ಲಿಯೂ ಉಡುಪಿ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆದ ಜಿಲ್ಲೆ. ಅಂಕಗಳಿಗೆ ಕೊರತೆಯಿಲ್ಲ. ಆದರೆ ಅಜ್ಜಿ ತುಳುವಿನಲ್ಲಿಯೋ ಕುಂದಾಪುರದ ಕನ್ನಡದಲ್ಲಿಯೋ ಕೇಳಿದ ಪ್ರಶ್ನೆಗೆ ಮೊಮ್ಮಗು ಇಂಗ್ಲಿಷಿನಲ್ಲಿ ಉತ್ತರಿಸುವ ಮನೆಗಳು ಈಗ ಮಣಿಪಾಲದಲ್ಲಿಯೂ ಇವೆ, ಮಲ್ಲೇಶ್ವರದಲ್ಲಿಯೂ ಇವೆ. ಇಬ್ಬರಿಗೂ ಪ್ರೀತಿಯಿದೆ, ಮಾತನಾಡಲು ವಿಷಯವೇ ಇಲ್ಲ. ಹತ್ತು ನಿಮಿಷಗಳಲ್ಲಿ ಊಟ, ಆರೋಗ್ಯ, ಅಂಕಗಳ ಪ್ರಸ್ತಾಪ ಮುಗಿಯುತ್ತದೆ. ಇಬ್ಬರೂ ಕೂಡಿ ಓದಿದ ಒಂದು ಪುಸ್ತಕ, ಕೂಡಿ ನೋಡಿದ ಒಂದು ಆಟ ಇದ್ದರೆ ಮಾತು ಹತ್ತು ದಿನಗಳಾದರೂ ಬೆಳೆದೀತು ಎಂಬುದು ನನ್ನ ನಂಬಿಕೆ.

ಮೊದಲಿಗೆ ಓದು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರಿಂದಲೇ ಪ್ರಾರಂಭಿಸೋಣ. ಮಕ್ಕಳಿರುವ ಮನೆಗೆ ಅವರ ‘ಬಾಲ ಪ್ರಪಂಚ’ದ ಸಂಪುಟಗಳು ಬರಬೇಕು. 1930ರ ದಶಕದಲ್ಲಿ ಒಬ್ಬ ಕನ್ನಡ ಲೇಖಕ ಸೃಷ್ಟಿಯ ಸಮಸ್ತ ಸಂಗತಿಗಳನ್ನೂ ಮಕ್ಕಳಿಗೆ ಕನ್ನಡದಲ್ಲಿಯೇ ತಿಳಿಸಿಕೊಡಲು ಹೊರಟ ಸಾಹಸ ಅದು. ಅದರ ಕೆಲವು ಮಾಹಿತಿಗಳು ಇಂದು ಹಳತಾಗಿರುವುದು ಸಹಜ. ಅವನ್ನು ಗುರುತಿಸಿ ತಿದ್ದುವುದನ್ನೇ ಮಕ್ಕಳಿಗೆ ರಜೆಯ ಆಟವನ್ನಾಗಿ ಕೊಡಬಹುದು. ಊರಿನ ಕೃತಿಗಳನ್ನು ಓದಿದರೆ ದೃಷ್ಟಿ ಸಂಕುಚಿತವಾದೀತೆಂದು ಅಂಜುವವರಿಗೆ ಈ ಸಂಪುಟಗಳಿಗಿಂತ ಒಳ್ಳೆಯ ಉತ್ತರವಿಲ್ಲ.

ದೊಡ್ಡವರಿಗೆ ‘ಮರಳಿ ಮಣ್ಣಿಗೆ’. ಕಡಲ ದಂಡೆಯ ಕೋಡಿ ಎಂಬ ಹಳ್ಳಿಯಲ್ಲಿ ಮೂರು ತಲೆಮಾರುಗಳು ಬಾಳಿದ ಕಥೆ ಇದು. ಕಾಪುವಿನಲ್ಲಿ ಅರ್ಧ ಗಂಟೆ ನಿಂತು ಕಡಲನ್ನು ಕಂಡವರಿಗೆ ಅದು ಸೂರ್ಯ ಮುಳುಗುವ ಜಾಗ. ಈ ಕಾದಂಬರಿಯ ಪಾರೋತಿ, ಸರಸೋತಿ, ನಾಗವೇಣಿಯರಿಗೆ ಅದು ದುಡಿಮೆಯ, ದುಃಖದ, ಧೈರ್ಯದ ನೆರೆಮನೆ. ಹೊಟೇಲು ವ್ಯಾಪಾರಕ್ಕಾಗಿ ಬೆಂಗಳೂರು ಸೇರುವವರೂ ಇದರಲ್ಲಿ ಇದ್ದಾರಾದ್ದರಿಂದ, ತಮ್ಮ ಕುಟುಂಬ ಏಕೆ ಊರು ಬಿಟ್ಟಿತೆಂದು ತಿಳಿಯಬಯಸುವ ಬೆಂಗಳೂರಿನ ಓದುಗರಿಗೆ ಇದು ಮನೆಯ ಚರಿತ್ರೆಯಂತೆಯೇ ತೋರೀತು. ಕನ್ನಡ ಓದಲು ಬಾರದ ತರುಣರು, ಮಣಿಪಾಲದಲ್ಲಿ ಓದುತ್ತಿರುವ ಪರಭಾಷೆಯ ವಿದ್ಯಾರ್ಥಿಗಳು ಎ.ಎನ್. ಮೂರ್ತಿರಾಯರ ಇಂಗ್ಲಿಷ್ ಅನುವಾದವನ್ನು ಹುಡುಕಿಕೊಳ್ಳಬಹುದು.

ಕಾರ್ಕಳಕ್ಕೆ ಹೋದವರು ಗೊಮ್ಮಟನನ್ನು ನೋಡಿ ಹಿಂದಿರುಗುವ ಮುನ್ನ ಅದೇ ತಾಲ್ಲೂಕಿನ ನಂದಳಿಕೆಯನ್ನು ನೆನೆಯಬೇಕು. ಮುದ್ದಣ ಎಂಬ ಹೆಸರಿನಿಂದ ಪ್ರಸಿದ್ಧನಾದ ನಂದಳಿಕೆ ಲಕ್ಷ್ಮೀನಾರಣಪ್ಪ 1870ರಲ್ಲಿ ಹುಟ್ಟಿದ್ದು ಅಲ್ಲಿ. ಉಡುಪಿಯ ಶಾಲೆಯೊಂದರಲ್ಲಿ ವ್ಯಾಯಾಮ ಕಲಿಸುತ್ತ, ಬಡತನದಲ್ಲಿ ಬದುಕಿ, 1901ರಲ್ಲಿಯೇ ಕ್ಷಯಕ್ಕೆ ತುತ್ತಾದ ಈ ಕವಿ ತನ್ನ ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳದೆ ಪ್ರಾಚೀನ ಕಾವ್ಯಗಳೆಂಬಂತೆ ಮೈಸೂರಿಗೆ ಕಳುಹಿಸಿದ. ‘ರಾಮಾಶ್ವಮೇಧ’ದ ಹಳಗನ್ನಡ ಗದ್ಯವನ್ನು ಕಂಡು ಹೆದರಬೇಕಾಗಿಲ್ಲ. ರಾಮಕಥೆಯನ್ನು ಸದ್ಯಕ್ಕೆ ಬದಿಗಿಟ್ಟು ಮುದ್ದಣ ಮನೋರಮೆಯರ ಸಂವಾದಗಳನ್ನು ಮಾತ್ರ ಓದಿ. ಗಂಡನ ಪಾತ್ರಕ್ಕೊಬ್ಬರು, ಹೆಂಡತಿಯ ಪಾತ್ರಕ್ಕೊಬ್ಬರು ನಿಂತು ಗಟ್ಟಿಯಾಗಿ ಓದಿ. ಗಂಡನ ಪಾಂಡಿತ್ಯವನ್ನು ಛೇಡಿಸುತ್ತ, ತನಗೆ ತಿಳಿಯುವ ಹಾಗೆ ಹೇಳೆಂದು ಪಟ್ಟು ಹಿಡಿಯುವ ಈ ಹೆಣ್ಣು ನಮ್ಮ ಕಾಲದವಳೇ ಎನ್ನಿಸುತ್ತಾಳೆ.

ಮನೋರಮೆಯ ಅನಂತರ ವೈದೇಹಿಯವರ ಕಥೆಗಳಿಗೆ ಬರುವುದು ಸಹಜವಾದ ದಾರಿ. ಕುಂದಾಪುರದಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆಸಿದ ಈ ಲೇಖಕಿ ಅಡುಗೆಮನೆ, ಹಿತ್ತಿಲು, ಜಗಲಿಗಳಲ್ಲಿ ಹೆಂಗಸರು ಆಡಿದ, ಆಡಲಾಗದೆ ನುಂಗಿಕೊಂಡ ಮಾತುಗಳಿಗೆ ಸಾಹಿತ್ಯದಲ್ಲಿ ಸ್ಥಾನ ಕೊಟ್ಟವರು. ‘ಅಕ್ಕು’ವಿನಂಥ ಕಥೆಯನ್ನು ಅಜ್ಜಿಗೆ ಓದಿ ಹೇಳಿದರೆ, ಅಂಥ ಅಕ್ಕುವೊಬ್ಬಳು ತಮ್ಮ ಬಂಧುಗಳಲ್ಲಿಯೂ ಇದ್ದಳೆಂಬ ಸಂಗತಿ ಹೊರಬಂದರೆ ಆಶ್ಚರ್ಯವಿಲ್ಲ.

ಇನ್ನು ನೋಡುವ ಮಾತು. ದೂರದರ್ಶನವೊಂದೇ ಇದ್ದ ಕಾಲದಲ್ಲಿ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಚಿತ್ರಣಗೊಂಡದ್ದು ಆಗುಂಬೆಯಲ್ಲಿ. ಕಾರ್ಕಳದಿಂದ ಹೆಬ್ರಿ, ಸೋಮೇಶ್ವರಗಳ ಮೂಲಕ ಘಟ್ಟ ಹತ್ತಿದರೆ ಸಿಗುವ ಊರದು. ಮಕ್ಕಳಿಗೆ ಸ್ವಾಮಿಯ ಕಂತುಗಳನ್ನು ತೋರಿಸಿ, ಬಳಿಕ ಆ ಬೀದಿಗೆ ಕರೆದೊಯ್ಯಿರಿ. ಸದಾನಂದ ಸುವರ್ಣರ ‘ಗುಡ್ಡದ ಭೂತ’ ತುಳುನಾಡಿನ ಹಿನ್ನೆಲೆಯ ಇನ್ನೊಂದು ಅಪರೂಪದ ಧಾರಾವಾಹಿ. ಪ್ರಕಾಶ್ ರೈ ತಮ್ಮ ಆರಂಭದ ದಿನಗಳಲ್ಲಿ ನಟಿಸಿದ ಈ ಧಾರಾವಾಹಿಯನ್ನು ಇಂದು ನೋಡುವಾಗ, ಮಾರ್ಪಟ್ಟಿರುವ ಊರುಗಳ ಹಳೆಯ ಚಹರೆಯೂ ಕಣ್ಣಿಗೆ ಬೀಳುತ್ತದೆ. 2002ರಲ್ಲಿ ಪ್ರಾರಂಭವಾದ ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ಯನ್ನೂ ಸೇರಿಸಬೇಕು. ಗೆದ್ದವರಿಗೆ ಹಣದ ಬದಲು ಪುಸ್ತಕ ಕೊಡುವ ಕಾರ್ಯಕ್ರಮವೊಂದು ಕನ್ನಡ ದೂರದರ್ಶನದಲ್ಲಿ ಇಷ್ಟು ದೀರ್ಘಕಾಲ ನಡೆದುಬಂದದ್ದು ಸಣ್ಣ ಸಂಗತಿಯಲ್ಲ.

ಟಿ.ವಿ.ಯನ್ನು ಕುರಿತೇ ಯೋಚಿಸಬೇಕೆನ್ನುವವರಿಗೆ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಮೂಲ ಕಥೆಯಲ್ಲಿ ಊರಿಗೆ ಸಿನಿಮಾ ಟಾಕೀಸು ಬರುತ್ತದೆ. ಚಿತ್ರದಲ್ಲಿ ಅದರ ಬದಲಿಗೆ ಮೀನುಗಾರರ ಕೇರಿಯ ಮುಸ್ಲಿಂ ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿ.ವಿ. ಬರುತ್ತದೆ. ಅದನ್ನು ನೋಡುವ ನೆಪದಲ್ಲಿ ಕೇರಿಯ ಹೆಂಗಸರು ಅವಳ ಮನೆಯೊಳಕ್ಕೆ ಬರತೊಡಗುತ್ತಾರೆ. ಬಳಿಕ ಹೊರಗಿನ ದ್ವೇಷದ ಗಾಳಿ ಒಳನುಗ್ಗಿದಾಗ ಅದೇ ಮನೆ ಒಂಟಿಯಾಗುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಈ ಚಿತ್ರವನ್ನು ಕರಾವಳಿಯ ಪ್ರತಿಯೊಂದು ಮನೆಯವರೂ ಕೂಡಿ ಕುಳಿತು ನೋಡಬೇಕೆಂದು ನಾನು ಶಿಫಾರಸು ಮಾಡುವುದು ಅದರ ಕಲೆಗಾಗಿ ಮಾತ್ರವಲ್ಲ. ಇಲ್ಲಿನ ಕಡಲ ತೀರ ಪ್ರವಾಸೋದ್ಯಮದ ಜಾಹೀರಾತಿನಷ್ಟು ಪ್ರಶಾಂತವಲ್ಲವೆಂದು ಮಕ್ಕಳೂ ತಿಳಿದಿರಬೇಕು.

ಇದೇ ಕಾರಣಕ್ಕಾಗಿ, ನನ್ನ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿರೆಂದರೆ ನಾನು ‘ಚೋಮನ ದುಡಿ’ಯನ್ನು ಉಳಿಸಿಕೊಳ್ಳುತ್ತೇನೆ. ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ, ಬಿ.ವಿ. ಕಾರಂತರ ಚಿತ್ರ 1975ರಲ್ಲಿ. ಚಿತ್ರಕ್ಕೆ ಸ್ವರ್ಣಕಮಲವೂ ಚೋಮನಾಗಿ ನಟಿಸಿದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಸಂದವು. ಒಂದು ತುಂಡು ಭೂಮಿಯನ್ನು ತಾನೇ ಉಳಬೇಕೆಂದು ಹಂಬಲಿಸಿದ ಅಸ್ಪೃಶ್ಯ ಜೀತದಾಳು, ಅದು ಕೈಗೂಡದ ಸಂಕಟವನ್ನು ದುಡಿಯ ಮೇಲೆ ಬಾರಿಸಿ ತೀರಿಸಿಕೊಳ್ಳುತ್ತಾನೆ. ಓದು, ನೋಟ, ಆಲಿಕೆ ಮೂರೂ ಈ ಒಂದು ಕೃತಿಯಲ್ಲಿವೆ. ಮೊದಲು ಪುಸ್ತಕವನ್ನು ಓದಿ, ಆಮೇಲೆ ಚಿತ್ರ ನೋಡಿ, ಕೊನೆಗೆ ಕಣ್ಣು ಮುಚ್ಚಿ ಆ ದುಡಿಯ ಸದ್ದನ್ನಷ್ಟೇ ಕೇಳಿ. ಬೇಸಿಗೆ ರಜೆಗೆ ಇಷ್ಟು ಭಾರವಾದದ್ದು ಏಕೆ ಎಂದು ಕೇಳುವವರು ಇರಬಹುದು. ಅಜ್ಜನ ಮನೆಯ ಗದ್ದೆ, ತೋಟಗಳನ್ನು ನೆನೆದು ಪುಳಕಗೊಳ್ಳುವ ನಾವು ಆ ಗದ್ದೆಯಲ್ಲಿ ದುಡಿದವರು ಯಾರೆಂದು ಕೇಳಿಕೊಳ್ಳದಿದ್ದರೆ ಆ ನೆನಪು ಅರ್ಧ ಸುಳ್ಳಾಗುತ್ತದೆ.

ಕೊನೆಯದಾಗಿ ಕೇಳುವ ಮಾತು. ಕರಾವಳಿಯ ಬೇಸಿಗೆ ಯಕ್ಷಗಾನದ ಕಾಲ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಯವರೆಗೆ ಯಾವುದಾದರೊಂದು ಬಯಲಿನಲ್ಲಿ ಚೆಂಡೆಯ ದನಿ ಇದ್ದೇ ಇರುತ್ತದೆ. ಒಂದು ರಾತ್ರಿಯಾದರೂ ಮಕ್ಕಳನ್ನು ಕರೆದೊಯ್ದು ಚೌಕಿಯಲ್ಲಿ ಬಣ್ಣ ಹಚ್ಚುವುದರಿಂದ ತೊಡಗಿ ತೋರಿಸಬೇಕು. ನಡುವೆ ಅವರು ನಿದ್ದೆ ಮಾಡಿದರೆ ಮಾಡಲಿ. ಚೆಂಡೆಯ ಸದ್ದಿಗೆ ಎಚ್ಚರವಾಗುವುದೂ ಆಟ ನೋಡುವ ಒಂದು ಕ್ರಮವೇ. ಮನೆಯಲ್ಲಿ ಕೇಳಲು ಗುಂಡ್ಮಿ ಕಾಳಿಂಗ ನಾವುಡರ ಧ್ವನಿಮುದ್ರಣಗಳಿವೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಈ ಭಾಗವತರ ಕಂಠವನ್ನು ಬಡಗುತಿಟ್ಟಿನ ಅಭಿಮಾನಿಗಳು ಇಂದಿಗೂ ಮರೆತಿಲ್ಲ. 2024ರಲ್ಲಿ ನಮ್ಮನ್ನಗಲಿದ ಸುಬ್ರಹ್ಮಣ್ಯ ಧಾರೇಶ್ವರರ ಪದ್ಯಗಳನ್ನೂ ಜೊತೆಯಲ್ಲಿಟ್ಟು ಕೇಳಿದರೆ ಒಂದೇ ಪರಂಪರೆಯ ಎರಡು ಬಗೆಗಳು ತಿಳಿಯುತ್ತವೆ. ಮಾತಿನ ರುಚಿಯುಳ್ಳವರು ಶೇಣಿ ಗೋಪಾಲಕೃಷ್ಣ ಭಟ್ಟರ ಅಥವಾ ಮಲ್ಪೆಯ ಸಾಮಗ ಸಹೋದರರ ತಾಳಮದ್ದಲೆಯ ಅರ್ಥಗಾರಿಕೆಯನ್ನು ಹುಡುಕಬೇಕು. ವೇಷವಿಲ್ಲ, ಕುಣಿತವಿಲ್ಲ, ರಾವಣನ ಪಕ್ಷವನ್ನೂ ರಾಮನ ಪಕ್ಷವನ್ನೂ ಸಮಾನ ಸಾಮರ್ಥ್ಯದಿಂದ ವಾದಿಸುವ ಕಲೆ ಅದು. ಎದುರಾಳಿಯ ಮಾತನ್ನು ಪೂರ್ತಿ ಕೇಳಿ ಉತ್ತರ ಕೊಡುವ ಕ್ರಮ ಇಂದಿನ ಟಿ.ವಿ. ಚರ್ಚೆಗಳಲ್ಲಿ ಕಾಣಸಿಗದಾದ್ದರಿಂದ ಅದನ್ನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ.

‘ಕಾಂತಾರ’ (2022) ನೋಡಿ ದೈವಗಳ ಬಗ್ಗೆ ಕುತೂಹಲ ತಳೆದ ಮಕ್ಕಳಿಗೆ ಪಾಡ್ದನಗಳನ್ನು ಕೇಳಿಸಬೇಕು. ಗೋಪಾಲ ನಾಯ್ಕ ಎಂಬ ತುಳು ಹಾಡುಗಾರರು ಹಾಡಿದ ಸಿರಿಯ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ಸಹಯೋಗದಲ್ಲಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಅನ್ಯಾಯ ಮಾಡಿದ ಗಂಡನನ್ನು ಬಿಟ್ಟು ಹೊರಡುವ ಈ ಸಿರಿಯ ಹೆಸರಿನಲ್ಲಿ ಮುದ್ದಣನ ನಂದಳಿಕೆಯಲ್ಲಿ ಪ್ರತಿವರ್ಷ ಜಾತ್ರೆ ನಡೆಯುತ್ತದೆ. ದೂರದ ಫಿನ್ಲೆಂಡಿನವರು ಬಂದು ದಿನಗಟ್ಟಲೆ ಕುಳಿತು ಕೇಳಿದ ಹಾಡನ್ನು ಇಲ್ಲಿಯವರೇ ಆದ ನಾವು ಒಂದು ಗಂಟೆ ಕೇಳಲಾರೆವೆ?

ಮನೆಯಲ್ಲಿಯೂ ಹಾಡುಗಳಿವೆ. ಬೇಸಿಗೆ ಮದುವೆಗಳ ಕಾಲ. ವಾದಿರಾಜರ ‘ಲಕ್ಷ್ಮೀ ಶೋಭಾನೆ’ಯನ್ನು ಪುಸ್ತಕ ನೋಡದೆ ಹಾಡಬಲ್ಲ ಹಿರಿಯ ಹೆಂಗಸರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ನೇಜಿ ನೆಡುತ್ತ ಹಾಡುತ್ತಿದ್ದವರೂ ಇದ್ದಾರೆ. ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮಕ್ಕಳ ಕೈಯಲ್ಲಿರುವ ಮೊಬೈಲಿಗೆ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಾಣೆ. ಅಪ್ಪಣೆ ಕೇಳಿ ಆ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಲಿ, ತಿಳಿಯದ ಶಬ್ದಗಳ ಅರ್ಥವನ್ನು ಹಾಡಿದವರಿಂದಲೇ ಕೇಳಿ ಬರೆದಿಟ್ಟುಕೊಳ್ಳಲಿ.

ಪಟ್ಟಿ ದೀರ್ಘವಾಯಿತು. ಎಲ್ಲವನ್ನೂ ಒಂದೇ ರಜೆಯಲ್ಲಿ ಮುಗಿಸಬೇಕೆಂಬ ಹಟ ಬೇಡ. ಅದು ಇನ್ನೊಂದು ಪರೀಕ್ಷೆಯಾದೀತು. ಗಟ್ಟಿಯಾಗಿ ಓದಿದ ಒಂದು ಪುಸ್ತಕ, ಮನೆಮಂದಿಯೆಲ್ಲ ಕೂಡಿ ನೋಡಿದ ಒಂದು ಚಿತ್ರ, ಬಯಲಿನಲ್ಲಿ ಕುಳಿತು ಕೇಳಿದ ಒಂದು ರಾತ್ರಿಯ ಆಟ, ಇಷ್ಟಾದರೂ ಸಾಕು. ಪುಸ್ತಕಗಳು, ಚಿತ್ರಗಳು ಮುಂದಿನ ವರ್ಷವೂ ಸಿಗುತ್ತವೆ. ಅವುಗಳ ಅರ್ಥ ಬಿಡಿಸಿ ಹೇಳಬಲ್ಲ ಅಜ್ಜ, ಅಜ್ಜಿಯರ ವಿಷಯದಲ್ಲಿ ಆ ಭರವಸೆಯಿಲ್ಲ. ಆದ್ದರಿಂದ ಈ ಬೇಸಿಗೆಯಲ್ಲಿಯೇ ತೊಡಗುವುದು ಒಳ್ಳೆಯದು.