ಸೇತುವೆಯ ದಾಖಲೆ ಯಾರ ಸ್ವತ್ತು?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ರೋಡ್ ಐಲೆಂಡಿನಲ್ಲಿ, ಸೀಕಾಂಕ್ ನದಿಯ ಮೇಲಣ ವಾಷಿಂಗ್ಟನ್ ಸೇತುವೆಯ ಪಶ್ಚಿಮಾಭಿಮುಖ ಭಾಗವನ್ನು 2023ರ ಡಿಸೆಂಬರ್ 11ರಂದು ಹಠಾತ್ತನೆ ಮುಚ್ಚಬೇಕಾಯಿತು. ಕಂಬದಾಚೆಗೆ ಚಾಚಿದ ತೊಲೆಯ ಒಂದು ತುದಿಯ ಮೇಲೆ ಭಾರ ಬಿದ್ದರೆ, ಏತದ ಮರದಂತೆ ಅದರ ಇನ್ನೊಂದು ತುದಿ ಮೇಲೇಳಲು ಹವಣಿಸುತ್ತದೆ. ಆ ತುದಿಯನ್ನು ಕೆಳಕ್ಕೆ ಬಿಗಿದಿಡುವ ಉಕ್ಕಿನ ಸರಳುಗಳೇ ಅಲ್ಲಿ ಮುರಿದಿದ್ದುವು. 1968ರಲ್ಲಿ ತೆರೆದ ಆ ಸೇತುವೆಯನ್ನು ಕೆಡಹುವುದೆಂದು 2024ರಲ್ಲಿ ನಿರ್ಧಾರವಾಯಿತು.

ಹಿಂದಿನ ತಪಾಸಣೆಗಳಲ್ಲಿ ಏನು ಕಂಡಿತ್ತು, ದುರಸ್ತಿಗೆ ಏನು ಮಾಡಿದರು ಎಂದು ಶಾಸನಸಭೆಯ ಸದಸ್ಯರು ಕೇಳಿದುದು ನ್ಯಾಯವೇ. ಆದರೂ 2024ರ ಏಪ್ರಿಲಿನಲ್ಲಿ ಸಿದ್ಧವಾದ ತಜ್ಞರ ವರದಿ ಜನರ ಕೈಸೇರಿದುದು 2025ರ ಸೆಪ್ಟೆಂಬರಿನಲ್ಲಿ! ವ್ಯಾಜ್ಯ ನಡೆಯುವಾಗ ಗೋಪ್ಯತೆ ಅಗತ್ಯವೆಂಬುದು ಸರ್ಕಾರದ ಸಮಾಧಾನ. ವಕೀಲರ ಆಲೋಚನೆಗಳು ಗೋಪ್ಯವಾಗಿಯೇ ಇರಲಿ. ಆದರೆ ಸರಳು ಮುರಿದ ಕಾರಣ ಭೌತಿಕ ಸಂಗತಿ. ಅದು ಯಾವ ಕಕ್ಷಿಗಾರನ ಸ್ವತ್ತೂ ಅಲ್ಲ. ಅಂತಹುದೇ ಇನ್ನೊಂದು ಸೇತುವೆಯನ್ನು ಪರೀಕ್ಷಿಸುವ ಎಂಜಿನಿಯರನಿಗೆ ಅದು ಒಡನೆಯೇ ತಿಳಿಯಬೇಕು. ಆದುದರಿಂದ ಶಾಸಕರು ಕೇಳುವ ಮೊದಲೇ ತಪಾಸಣೆಯ ವರದಿಗಳು ತಾವಾಗಿ ಪ್ರಕಟವಾಗುವುದು ಲೇಸೆಂದು ನಮ್ಮ ಅಭಿಪ್ರಾಯ.